ಎಮ್ಮೆ ದಲ್ಲಾಳಿಯ ಕುರಿನಾಯಿ

ಉದ್ದ ಕೂದಲಿನ ನಾಯಿಯನ್ನು ಮೇಲಿನಿಂದ ಬಾಚಿಕೊಂಡು ಹೋಗಬಾರದು. ಒಂದು ಕೈಯಿಂದ ಕೂದಲನ್ನು ಎತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಬುಡದಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ಬರಬೇಕು. ಮೇಲೆ ಮೇಲೆ ಬಾಚಿದರೆ ನಾಯಿ ಚೆಂದ ಕಾಣುತ್ತದೆ, ಆದರೆ ಒಳಗೆ ಕೂದಲು ಒತ್ತೊತ್ತಿ ಕಂಬಳಿಯಾಗಿರುತ್ತದೆ. ಆ ಕಂಬಳಿಯ ಕೆಳಗೆ ರಕ್ತ ಹೀರುವ ಉಣ್ಣಿಗಳು ಸಂಸಾರ ಹೂಡಿರುತ್ತವೆ. ಕಿವಿಯ ಹಿಂದೆ, ಮುಂಗಾಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೈ ಹಾಕಿ ನೋಡದೆ ಏಳಬೇಡಿ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ದಿನಾ ಸಂಜೆ ಸೊಂಟ ನೋಯಿಸಿಕೊಂಡು ಕಲಿತದ್ದು. ಈಗ ನನಗೆ ಆ ಕೆಲಸವಿಲ್ಲ. ಆದರೂ ಕೇಳಿದವರಿಗೆ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೀರಿ ಎನ್ನುತ್ತಾಳೆ ಹೆಂಡತಿ.

ನನ್ನದು ಎಮ್ಮೆ ದಲ್ಲಾಳಿಯ ಕಸುಬು. ಮೊದಲು ನಿಪ್ಪಾಣಿಯ ಸಂತೆಯಲ್ಲಿ ಬೇರೆಯವರ ಎಮ್ಮೆಯ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಈಗ ರಾಯಬಾಗದ ರಸ್ತೆಗೆ ನನ್ನದೇ ತಗಡಿನ ಕೊಟ್ಟಿಗೆ ಇದೆ. ಹರಿಯಾಣದ ಕಡೆಯಿಂದ ಲಾರಿಯಲ್ಲಿ ಎಮ್ಮೆ ಬರುತ್ತವೆ, ನನ್ನಲ್ಲಿ ಕೆಲವು ದಿನ ನೀರು ಕುಡಿದು ಮೇವು ತಿಂದು ಸುಧಾರಿಸಿಕೊಳ್ಳುತ್ತವೆ, ಆಮೇಲೆ ಚಿಕ್ಕೋಡಿ, ಅಥಣಿ, ಕಾಗವಾಡದ ಹೈನಿನವರ ಮನೆಗೆ ಹೋಗುತ್ತವೆ. ಟವೆಲ್ಲಿನ ಕೆಳಗೆ ಕೈ ಕೊಟ್ಟು ಬೆರಳು ಒತ್ತಿ ವ್ಯಾಪಾರ ಮುಗಿಸುವ ಹಳೆಯ ಪದ್ಧತಿ ನನಗೆ ಚೆನ್ನಾಗಿ ಒಗ್ಗಿದೆ. ಎದುರಿನವನ ಬೆರಳು ತಣ್ಣಗಿದ್ದರೆ ಅವನಿಗೆ ಎಮ್ಮೆ ಬೇಕೇ ಬೇಕು ಎಂದು ಅರ್ಥ.

ಅಂಥ ಒಂದು ಲಾರಿಯಲ್ಲಿ ಬಂತು ಆ ನಾಯಿಮರಿ. ಮೇಲಿನ ಗುಡ್ಡಗಾಡಿನ ಕುರಿಗಾರರ ತಳಿ, ಹಿಮದಲ್ಲಿ ಮಲಗುವಂಥದ್ದು, ಎಂದ ಡ್ರೈವರ್. ಕರಡಿಮರಿಯ ಹಾಗಿತ್ತು. ದೊಡ್ಡದಾದರೆ ಕೊಟ್ಟಿಗೆ ಕಾಯುತ್ತದೆ ಎಂದು ಲೆಕ್ಕ ಹಾಕಿ ಇಳಿಸಿಕೊಂಡೆ. ಒಂದು ವರ್ಷದಲ್ಲಿ ಅದು ಕರುವಿನ ಎತ್ತರಕ್ಕೆ ಬೆಳೆಯಿತು. ಎದುರು ಬಂದರೆ ಮುಖ ಯಾವುದು, ಹಿಂಬದಿ ಯಾವುದು ತಿಳಿಯದಷ್ಟು ಕೂದಲು. ಕೊಟ್ಟಿಗೆಯ ಎದುರಿನ ಡೇರಿಗೆ ಹಾಲು ಹಾಕಲು ಬರುವ ಹೆಣ್ಣುಮಕ್ಕಳು ಸಾಲು ಬಿಟ್ಟು ಹರಟುತ್ತ ನಿಂತರೆ ಹಿಂದಿನಿಂದ ಹೋಗಿ ಮೊಣಕಾಲಿಗೆ ಮೂಗು ತಾಗಿಸಿ ಸಾಲಿಗೆ ಸೇರಿಸುತ್ತಿತ್ತು.

"ಅಣ್ಣಾರ, ನಿಮ್ಮ ನಾಯಿ ನಮ್ಮನ್ನೂ ಎಮ್ಮಿ ಅಂತ ತಿಳದೈತಿ ನೋಡ್ರಿ, ಕಟ್ಟಿಹಾಕೂದಷ್ಟ ಉಳದೈತಿ," ಎಂದು ಒಬ್ಬಳು ಅಂದಳು.

"ಹಾಲಿಗೆ ನೀರ ಹಾಕದವರನ್ನ ಅದು ಮುಟ್ಟಂಗಿಲ್ಲ ಬೇ," ಅಂದೆ. ಅವಳು ಒಂದು ವಾರ ಮಾತಾಡಿಸಲಿಲ್ಲ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಈ ತಳಿಯನ್ನು ಕಾವಲಿಗೆ ಎಂದು ತಂದುಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ. ಇದು ಬರೀ ಕಾಯುವ ನಾಯಿಯಲ್ಲ, ಹಿಂಡಿನ ನಾಯಿ. ತನ್ನ ಹಿಂಡಿನಲ್ಲಿ ಯಾರು ಯಾರಿದ್ದಾರೆ ಎಂಬುದು ಅದರ ತಲೆಯಲ್ಲಿ ಇರುತ್ತದೆ. ಕುರಿಗಾರನ ಹಿಂಡು ವರ್ಷವಿಡೀ ಅದೇ ಹಿಂಡು. ನನ್ನ ಕೊಟ್ಟಿಗೆಯಲ್ಲಿ ಹಾಗಲ್ಲ. ಬಂದ ಎಮ್ಮೆಗಳನ್ನೆಲ್ಲ ಅದು ಮೂಸಿ, ಸುತ್ತು ಹಾಕಿ, ಪರಿಚಯ ಮಾಡಿಕೊಳ್ಳುತ್ತಿತ್ತು. ಬೆಳಿಗ್ಗೆ ಕಾಲುವೆಗೆ ಬಿಟ್ಟರೆ ಜೊತೆಗೆ ಹೋಗಿ, ನೀರಲ್ಲಿ ಕೂತ ಎಮ್ಮೆಗಳನ್ನು ಎಬ್ಬಿಸಲಾರದೆ ದಂಡೆಯ ಮೇಲೆ ಬೊಗಳಿ ಬೊಗಳಿ ಗಂಟಲು ಒಣಗಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಸಂತೆಯ ದಿನ ಬರುತ್ತಿತ್ತು. ಎರಡೋ ಮೂರೋ ಎಮ್ಮೆ ಟೆಂಪೋ ಏರುತ್ತಿದ್ದವು. ಆ ಸಂಜೆ ನಾಯಿ ಉಳಿದವನ್ನು ಗೋದಲಿಗೆ ಮುಟ್ಟಿಸಿ, ಒಂದು ಸುತ್ತು ಹಾಕಿ, ಮತ್ತೊಂದು ಸುತ್ತು ಹಾಕಿ, ಆಮೇಲೆ ಗೇಟಿನಿಂದ ಹೊರಗೆ ಬಿದ್ದು ರಸ್ತೆ ಹಿಡಿಯುತ್ತಿತ್ತು. ಟೆಂಪೋ ಹೋದ ದಿಕ್ಕಿಗೇ ಹೋಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಬೈಕ್ ತೆಗೆದುಕೊಂಡು ಹೋಗಿ ಹುಡುಕಿ ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಕಟ್ಟಿ ಹಾಕಿದರೆ ಸರಪಳಿಯ ಉದ್ದಕ್ಕೂ ತಿರುಗುತ್ತಿತ್ತೇ ಹೊರತು ಮಲಗುತ್ತಿರಲಿಲ್ಲ.

ಹೆಂಡತಿ ಒಂದು ದಿನ ಅಂದಳು: "ನೀವು ಮಾರ್ತೀರಿ, ಅದು ಹುಡುಕತೈತಿ. ನಿಮ್ಮಿಬ್ಬರ ನಡುವ ನಾ ಬಾಗಲಾ ಕಾಯಾಕತ್ತೀನಿ."

ವ್ಯಾಪಾರ ನಿಲ್ಲಿಸುವ ಹಾಗಿಲ್ಲ, ನಾಯಿಗೆ ತಿಳಿಸಿ ಹೇಳುವ ಹಾಗಿಲ್ಲ. ಬೇಸಿಗೆಯಲ್ಲಂತೂ ನಮ್ಮ ಕಡೆಯ ಬಿಸಿಲಿಗೆ ಆ ನಾಯಿ ನಾಲಿಗೆಯನ್ನು ಮೊಣಕಾಲಿನವರೆಗೆ ಇಳಿಬಿಟ್ಟು ನೀರಿನ ತೊಟ್ಟಿಯ ನೆರಳಿನಲ್ಲಿ ಬಿದ್ದಿರುತ್ತಿತ್ತು. ಬಾಚುವುದು, ಉಣ್ಣಿ ತೆಗೆಯುವುದು, ನೆಲ ತೋಯಿಸುವುದು, ಸಂಜೆ ಹುಡುಕುವುದು. ನನಗೂ ವಯಸ್ಸಾಗುತ್ತಿದೆ. ಇದಕ್ಕೆ ತಂಪು ಇರುವ ಕಡೆ, ಕದಲದ ಹಿಂಡು ಇರುವ ಕಡೆ ಒಂದು ಜಾಗ ಹುಡುಕಲೇಬೇಕು ಎಂದು ನಾನೂ ಹೆಂಡತಿಯೂ ಮಾತಾಡಿಕೊಂಡೆವು. ಹಾಗೆ ಮಾತಾಡಿದ್ದು ಎರಡು ವರ್ಷದ ಹಿಂದೆ, ಬೇಸಿಗೆಯ ಮೊದಲಿಗೆ.

ಎಮ್ಮೆಗೆ ಗಿರಾಕಿ ಹುಡುಕುವುದು ಸುಲಭ. ಇಂಥ ನಾಯಿಯನ್ನು ನೋಡಿ ಬಾಯಿ ಬಿಡುವವರು ಬಹಳ, ಸರಿಯಾದವರು ಕಡಿಮೆ. ಒಬ್ಬನಿಗೆ ಬಂಗಲೆಯ ಗೇಟಿನ ಮುಂದೆ ಕಟ್ಟಬೇಕಿತ್ತು. ಇನ್ನೊಬ್ಬನಿಗೆ ಫೋಟೋ ತೆಗೆಸಿಕೊಳ್ಳಬೇಕಿತ್ತು. ಕೊನೆಗೆ ಸಿಕ್ಕವನು ಮಹಾಬಳೇಶ್ವರದ ಬೆಟ್ಟದ ಕಡೆ ಆಡಿನ ಫಾರ್ಮ್ ನೋಡಿಕೊಳ್ಳುವ ಒಬ್ಬ ತರುಣ. ಹಾಲಿಗಾಗಿ ಸಾಕಿದ ಆಡುಗಳು, ಮಾರುವುದು ಹೋತಮರಿಗಳನ್ನು ಮಾತ್ರ. ಫಾರ್ಮಿಗೆ ಬೇಕೆಂದು ಎಮ್ಮೆ ನೋಡಲು ನನ್ನಲ್ಲಿಗೆ ಬಂದಿದ್ದ. ಎಮ್ಮೆ ಬಿಟ್ಟು ನಾಯಿಯನ್ನೇ ನೋಡುತ್ತ ನಿಂತ. ಅವನ ತಾಯಿಯ ತವರು ಕಾಗವಾಡ. ಹಾಗಾಗಿ ಕನ್ನಡ ಬರುತ್ತಿತ್ತು, ನಡುನಡುವೆ ಮರಾಠಿ ಸುರಿಯುತ್ತಿದ್ದ. ತಾಯಿಯ ಸೀಮೆಯವರೆಲ್ಲ ಅವನಿಗೆ ಮಾಮಾ.

"ಮಾಮಾ, ಹೇ ಕುತ್ರಂ, ಈ ನಾಯಿ, ನಮಗ ಕೊಡ್ರಿ. ನಮ್ಮಲ್ಲೆ ಆಡ ಅಡ್ಡಾದಿಡ್ಡಿ ಹೋಗ್ತಾವ, ತಿರುಗಿಸಾಕ ಜನಾನ ಸಿಗಂಗಿಲ್ಲ."

ನಾನು ಟವೆಲ್ ಹಾಸಿದೆ. ಹಣದ ಮಾತು ಆಡಲಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕೇಳಿದ್ದು ಬೇರೆ: ವಾರಕ್ಕೆ ಎಷ್ಟು ಸಲ ಬಾಚುತ್ತೀ. ಅವನು ಎರಡು ಬೆರಳು ಕೊಟ್ಟ. ನಾನು ಕೈ ಝಾಡಿಸಿ ಐದೂ ಹಿಡಿದೆ. ನಾಲ್ಕಕ್ಕೆ ನಿಂತಿತು. ಆ ಬೆಟ್ಟದಲ್ಲಿ ಚಿರತೆ ಇರುವುದು ಗೊತ್ತಿತ್ತು. ಆದ್ದರಿಂದ ಕತ್ತಲಾದ ಮೇಲೆ ನಾಯಿ ಆಡಿನ ಮನೆಯ ಒಳಗೇ ಇರಬೇಕು, ಬಾಗಿಲು ಹಾಕಿರಬೇಕು ಎಂದು ಬಾಯಿಬಿಟ್ಟು ಹೇಳಿಸಿಕೊಂಡೆ.

"ಮಾಮಾ, ಮಗಳ ಕೊಡಾಕತ್ತೀರೇನ್ರಿ?" ಎಂದು ನಕ್ಕ.

"ಮಗಳಾಗಿದ್ರ ನಿಮ್ಮ ಮನಿ ನೋಡಾಕ ಬರತಿದ್ನೋ ಇಲ್ಲೋ? ಇದಕ್ಕೂ ಬರ್ತೀನಿ," ಅಂದೆ.

ಎಂಟು ದಿನ ಬಿಟ್ಟು ಗಾಡಿ ತರುತ್ತೇನೆ ಎಂದು ಹೋದ.

ಇನ್ನು ನಮ್ಮ ಕಡೆಯ ಪದ್ಧತಿ ಹೇಳಬೇಕು. ಕೊಟ್ಟ ಎಮ್ಮೆಯನ್ನು ಇದ್ದ ಹಾಗೆಯೇ ಹೊರಡಿಸುವುದಿಲ್ಲ. ಹಿಂದಿನ ದಿನ ಬೋಳಿಸುವವನನ್ನು ಕರೆಸಿ, ಮೈಗೆ ನೀರು ಹಾಕಿ, ಕೊಂಬಿನಿಂದ ಬಾಲದವರೆಗೆ ಕೂದಲು ತೆಗೆಸಿ, ಶೇಂಗಾ ಎಣ್ಣೆ ತಿಕ್ಕುತ್ತೇವೆ. ಕರಿಗಲ್ಲಿನ ಹಾಗೆ ಮಿಂಚಬೇಕು. ಬೇಸಿಗೆಯಲ್ಲಿ ಮೈಗೂ ತಂಪು, ಕೊಂಡವನ ಮನೆಯ ಅಂಗಳದಲ್ಲಿ ಇಳಿದಾಗ ನಾಲ್ಕು ಮಂದಿ ನೋಡಿ ಹೌದು ಅನ್ನಬೇಕು. ಎಮ್ಮೆಯನ್ನು ಜಡೆಜಡೆಯಾಗಿ ಕಳಿಸಿದರೆ ಕೊಟ್ಟವರಿಗೇ ಅವಮಾನ. ತರುಣ ಬರುವ ಹಿಂದಿನ ದಿನ ಅಥಣಿಗೆ ಹೋಗುವ ಎರಡು ಎಮ್ಮೆಗಳನ್ನು ಬೋಳಿಸಲು ನಮ್ಮ ಖಾಯಂ ಮನುಷ್ಯ ಬಂದಿದ್ದ. ಅವು ಮುಗಿದವು. ಅವನು ನಾಯಿಯ ಕಡೆ ನೋಡಿದ.

"ಅಣ್ಣಾರ, ಇದೂ ನಾಳೆ ಹೊಂಟೈತೇನ್ರಿ?"

"ಹೌದಪ್ಪ."

"ಮತ್ತ ಹಿಂಗ ಕಳಸ್ತೀರಿ?"

ಹೆಂಡತಿಯೂ ಅಂದಳು: "ಖರೇನ್ರಿ. ಕೊಟ್ಟ ಮ್ಯಾಲ ನೆಟ್ಟಗ ಕೊಡೂನು. ನೋಡಿದವರು ಏನಂದಾರು."

ನನಗೂ ಅದು ಸರಿಯಾದ ಮಾತು ಎನಿಸಿತು. ಇಷ್ಟು ವರ್ಷ ಒಳ್ಳೆಯದು ಎಂದು ಮಾಡಿಕೊಂಡು ಬಂದದ್ದು ಅದೇ. ಮೂವರೂ ಸೇರಿ ನಾಯಿಯನ್ನು ಹಿಡಿದೆವು. ಅದು ಒದ್ದಾಡಲಿಲ್ಲ. ಬಾಚುವುದಕ್ಕೆ ಎಂದು ತಿಳಿದುಕೊಂಡಿರಬೇಕು, ಅಭ್ಯಾಸದಂತೆ ಮಗ್ಗುಲಾಯಿತು. ಮೊದಲು ಕತ್ತರಿ, ಆಮೇಲೆ ಬ್ಲೇಡು. ಕೂದಲು ಒಂದು ಚೀಲ ತುಂಬಿತು. ಒಳಗಿನಿಂದ ಒಂದು ಉದ್ದ ಮೂತಿಯ, ಸಣ್ಣ ಸೊಂಟದ, ಗುಲಾಬಿ ಚರ್ಮದ ಪ್ರಾಣಿ ಹೊರಬಂತು. ಎಣ್ಣೆ ತಿಕ್ಕಿದೆವು.

"ಇಷ್ಟ ಇತ್ತೇನ್ರಿ ಒಳಗ?" ಅಂದಳು ಹೆಂಡತಿ.

"ಎಮ್ಮಿಕಿಂತ ಚಂದ ಮಿಂಚಾಕತ್ತೈತಿ," ಎಂದ ಬೋಳಿಸಿದವನು. ನಾಯಿ ಎದ್ದು ಮೈ ಕೊಡವಿತು. ಕೊಡವಲು ಏನೂ ಇರಲಿಲ್ಲ. ಅದು ಹಿಂದೆ ತಿರುಗಿ ತನ್ನ ಬೆನ್ನನ್ನೇ ನೋಡಿಕೊಂಡಿತು.

ಮರುದಿನ ತರುಣ ಪಿಕಪ್ ಗಾಡಿ ನಿಲ್ಲಿಸಿ ಇಳಿದ. ಅತ್ತ ಇತ್ತ ನೋಡಿದ.

"ನಾಯಿ ಎಲ್ಲೈತ್ರಿ ಮಾಮಾ?"

"ಇದ ಅಲ್ಲೇನ, ನಿನ್ನ ಮುಂದ."

"ಚೇಷ್ಟಾ ಮಾಡಬ್ಯಾಡ್ರಿ. ಅದನ್ನ ಕರೀರಿ."

"ಇದ ಅದು. ನಿನ್ನೆ ಸ್ವಲ್ಪ ಬೋಳಿಸೀವಿ. ತಂಪ ಇರಲಿ ಅಂತ."

ಅವನು ನಾಯಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಅವನ ಮುಖ ಬಿಗಿಯಿತು. "ಅವತ್ತ ತೋರ್ಸಿದ್ದ ಬ್ಯಾರೆ, ಇವತ್ತ ಕೊಡೂದ ಬ್ಯಾರೆ. ದಲ್ಲಾಳಿ ಅಂದ್ರ ದಲ್ಲಾಳೀನ ನೀವು."

ಇದಕ್ಕೆ ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ. ತೋರಿಸಿದ ಎಮ್ಮೆ ಬಿಟ್ಟು ಬೇರೆ ಎಮ್ಮೆ ಹತ್ತಿಸುವ ದಲ್ಲಾಳಿಗಳು ನಮ್ಮಲ್ಲಿ ಇದ್ದಾರೆ, ಅವನು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ನಾಯಿಯ ಕಿವಿಯ ಮೇಲಿದ್ದ ಹಳೆಯ ಗಾಯದ ಕಲೆ ತೋರಿಸಿದೆ. ಕೂದಲಿನ ಚೀಲ ತಂದು ಮುಂದಿಟ್ಟೆ. ನಾಯಿ ಅವನನ್ನು ಗುರುತು ಹಿಡಿದು ಕೈ ಮೂಸಿದ ಮೇಲೆ ನಂಬಿದ. ನಂಬಿದ ಮೇಲೆ ಅವನಿಗೆ ಇನ್ನೂ ಬೇಜಾರಾಯಿತು.

"ಮಾಮಾ, ನಮ್ಮ ಕಡೆ ರಾತ್ರಿ ಬೆಳತನಕ ಥಂಡಿ, ಸ್ವಲ್ಪ ದಿನಾ ತಡದ್ರ ಮಳಿ. ಮೈಮ್ಯಾಲ ಏನೂ ಇಲ್ಲದ ಇದನ್ನ ಒಯ್ದು ನಾ ಏನ ಮಾಡಲಿ? ನಾಲ್ಕ ದಿನದಾಗ ನಿಮೋನಿಯಾ ಆಗ್ತೈತಿ. ಕೂದಲ ಬರಲಿ. ಬಂದ ಮ್ಯಾಲ ಫೋನ್ ಮಾಡ್ತೀನಿ."

ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಹೋಗುವಾಗ ನಾಯಿ ಗಾಡಿಯ ಹಿಂದೆ ಹೋಗಲಿಲ್ಲ, ಅದರಲ್ಲಿ ತನ್ನ ಎಮ್ಮೆ ಯಾವುದೂ ಇರಲಿಲ್ಲವಲ್ಲ.

ಬೋಳಿಸಿದರೆ ತಂಪಾಗುತ್ತದೆ ಎಂದುಕೊಂಡಿದ್ದೆವು. ಎರಡನೆಯ ದಿನಕ್ಕೇ ಬೆನ್ನು ಕೆಂಪಾಯಿತು, ನಾಲ್ಕನೆಯ ದಿನ ಬೊಬ್ಬೆ ಎದ್ದವು. ಪಶುವೈದ್ಯರ ಬಳಿ ಒಯ್ದೆ. ಅವರು ನೋಡಿ, "ಎಮ್ಮಿದ ಕೇಳ್ರಿ, ನಿದ್ದಿಗಣ್ಣಾಗ ಹೇಳ್ತೀನಿ. ಇಂಥಾ ನಾಯಿ ನಾನೂ ಮೊದಲ ಸಲ ನೋಡಾಕತ್ತೀನಿ," ಎಂದು ತಮ್ಮ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದರು. ಈ ತಳಿಗೆ ಎರಡು ಪದರ ಕೂದಲು. ಥಂಡಿಯನ್ನು ತಡೆಯುವ ಹಾಗೆಯೇ ಬಿಸಿಲನ್ನೂ ಅದೇ ತಡೆಯುತ್ತದೆ. ತೆಗೆದರೆ ಬೆನ್ನಿಗೆ ಛತ್ರಿಯಿಲ್ಲ. ಇದನ್ನು ಫೋನಿನಲ್ಲಿ ಕೇಳಿ ನನಗೆ ಹೇಳಿದರು, ಮುಲಾಮು ಬರೆದುಕೊಟ್ಟರು. ಕೂದಲು ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಬಹಳ ಮಟ್ಟಿಗೆ ಬರುತ್ತದೆ, ಪೂರಾ ಬರುತ್ತದೆಂದು ಹೇಳಲಾಗುವುದಿಲ್ಲ, ಅಂದರು. ಆದ್ದರಿಂದ ಓದುವವರಿಗೆ ನನ್ನ ಮಾತು: ಬೇಸಿಗೆಯಲ್ಲಿ ಒಳಪದರದ ಸತ್ತ ಕೂದಲನ್ನು ಬಾಚಿ ಬಾಚಿ ತೆಗೆಯಿರಿ, ಗಾಳಿ ಆಡುತ್ತದೆ. ಬ್ಲೇಡು ಮುಟ್ಟಿಸಬೇಡಿ.

ಹೆಂಡತಿ ನನ್ನ ಹಳೆಯ ಧೋತರ ಹರಿದು ಅದಕ್ಕೊಂದು ಅಂಗಿ ಹೊಲಿದಳು. ಪಕ್ಕದ ಹೊಲದ ಜೈನ ಹಿರಿಯರು ತಮ್ಮ ಬಾವಿಯ ಮೋಟರಿನ ಕೋಣೆಯ ಬೀಗದ ಕೈ ಕೊಟ್ಟರು. ಕಲ್ಲಿನ ಕೋಣೆ, ಮಧ್ಯಾಹ್ನವೂ ತಂಪು. ತಮ್ಮ ಮನೆಯಿಂದ ರೊಟ್ಟಿ, ಮಜ್ಜಿಗೆ ತಂದು ಹಾಕುತ್ತಿದ್ದರು. "ನೋಡ್ರಿ, ನಿಮ್ಮ ನಾಯಿ ನಮ್ಮ ಧರ್ಮಕ್ಕ ಬಂತು. ಮುನಿಗಳಂಗ ಕೂದಲಾನೂ ಕೊಟ್ಟೈತಿ, ಊಟಾನೂ ಸಾದಾ," ಎಂದು ಅವರೇ ನಗುತ್ತಿದ್ದರು.

ಬಿಸಿಲು ಏರಿದ ಹಾಗೆ ನಮಗೆ ಕೆಲಸ ಏರಿತು. ಬೆಳಿಗ್ಗೆ ಮುಲಾಮು, ಒಯ್ದು ಕೋಣೆಯಲ್ಲಿ ಬಿಡುವುದು, ಮಧ್ಯಾಹ್ನ ನೆಲಕ್ಕೆ ನೀರು, ಸಂಜೆ ಕರೆತರುವುದು. ಇದರ ನಡುವೆ ವ್ಯಾಪಾರ. ಒಂದು ದಿನ ಏಕಸಂಬಿಯವರು ಮಧ್ಯಾಹ್ನದ ಹೊತ್ತಿಗೇ ಟೆಂಪೋ ತಂದು ಎರಡು ಎಮ್ಮೆ ಹತ್ತಿಸಿಕೊಂಡು ಹೋದರು. ಎಮ್ಮೆಯ ಕೂಗು ಮೋಟರಿನ ಕೋಣೆಯವರೆಗೆ ಕೇಳಿಸಿರಬೇಕು. ಬಾಗಿಲ ಚಿಲಕ ಸಡಿಲಿತ್ತು. ಹೆಂಡತಿ ನೀರು ಹಾಕಲು ಹೋದಾಗ ಕೋಣೆ ಖಾಲಿ.

ಬೈಕ್ ತೆಗೆದು ಹೊರಟೆ. ಡಾಂಬರು ಮೆತ್ತಗಾಗಿತ್ತು. ರಸ್ತೆಯಲ್ಲಿ ಕೇಳುತ್ತ ಹೋದೆ: ಅಂಗಿ ಹಾಕಿದ ನಾಯಿ ನೋಡಿದಿರಾ. ಜನ ನನ್ನ ಮುಖ ನೋಡಿದರು. ಕಬ್ಬಿನ ಹೊಲದಲ್ಲಿದ್ದ ಒಬ್ಬ ಹೆಂಗಸು ಕೈ ತೋರಿಸಿದಳು. ಕಾಲುವೆಯ ಸಣ್ಣ ಸೇತುವೆಯ ಕೆಳಗೆ ಬಿದ್ದಿತ್ತು. ಅಂಗಿ ಒಂದು ಕಡೆ ಹರಿದಿತ್ತು, ಕಾಲಿನ ಅಡಿಗಳು ಸುಟ್ಟಿದ್ದವು, ಕಣ್ಣು ಅರ್ಧ ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಟವೆಲ್ಲನ್ನು ಕಾಲುವೆಯಲ್ಲಿ ತೋಯಿಸಿ ಹೊಟ್ಟೆಗೆ, ತೊಡೆಯ ಸಂದಿಗೆ ಹಾಕಿದೆ. ಮತ್ತೆ ತೋಯಿಸಿದೆ. ಬಾಯಿಗೆ ನೀರು ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ನಾಲಿಗೆಗೆ ಹನಿ ಹನಿ ಮುಟ್ಟಿಸಬೇಕು. ಎಷ್ಟೋ ಹೊತ್ತಿನ ಮೇಲೆ ಬಾಲದ ತುದಿ ಒಂದು ಸಲ ನೆಲಕ್ಕೆ ಬಡಿಯಿತು. ಕಬ್ಬಿನ ಗಾಡಿಯವನೊಬ್ಬ ಕೈ ಕೊಟ್ಟು ಅದನ್ನು ಎತ್ತಿ ಗಾಡಿಗೆ ಹಾಕಿಕೊಂಡ. ಮನೆ ಮುಟ್ಟಿದಾಗ ಹೆಂಡತಿ ಬೈಯಲೂ ಇಲ್ಲ, ಅಳಲೂ ಇಲ್ಲ.

"ಮಳಿ ಬೀಳೂತನಕ ಇಲ್ಲಿಂದ ಒಂದ ಎಮ್ಮಿನೂ ಹೋಗೂದ ಬ್ಯಾಡ," ಅಂದಳು ಅಷ್ಟೇ.

ದಲ್ಲಾಳಿಗೆ ಬೇಸಿಗೆಯೇ ಸುಗ್ಗಿ. ಹಾಗಿದ್ದೂ ಇದ್ದ ಎಮ್ಮೆಗಳನ್ನು ಇಟ್ಟುಕೊಂಡೆ, ಹಾಲು ಡೇರಿಗೆ ಹಾಕಿದೆ. ಗಿರಾಕಿಗಳಿಗೆ ಇವತ್ತು ನಾಳೆ ಎಂದು ಹೇಳಿ ಹೇಳಿ ನನ್ನ ನಾಲಿಗೆಯೇ ದಣಿಯಿತು. ಕೊಕಟನೂರಿನ ಗಿರಾಕಿ ಒಬ್ಬ, "ನಾಯಿ ಸಲವಾಗಿ ಎಮ್ಮಿ ಕೊಡಂಗಿಲ್ಲ ಅಂತೀರಲ್ಲ, ನಿಮಗ ಬಿಸಿಲ ಹತ್ತೇತೇನ?" ಎಂದು ಹೋದ. ಹತ್ತಿತ್ತೋ ಏನೋ. ಆದರೆ ಆ ದಿನಗಳಲ್ಲಿ ನಾಯಿ ಸಂಜೆ ಎಮ್ಮೆಗಳ ಸುತ್ತ ಒಂದೇ ಸುತ್ತು ಹಾಕಿ ಬಂದು ಹೆಂಡತಿಯ ಪಕ್ಕದಲ್ಲಿ ಕೂರುತ್ತಿತ್ತು. ಇಷ್ಟೇ ಅದಕ್ಕೆ ಬೇಕಾದದ್ದು. ಇಷ್ಟನ್ನು ನಾನು ವರ್ಷವಿಡೀ ಕೊಡಲಾರೆ ಎಂಬುದೂ ಆಗಲೇ ಪೂರಾ ತಿಳಿದದ್ದು.

ಮಳೆ ಬಂದ ಮೇಲೆ ಕೂದಲು ಬರತೊಡಗಿತು. ಮೊದಲು ಮರಿಗಳ ಹಾಗೆ ಮೆತ್ತನೆಯ ಬೂದು ಕೂದಲು, ಆಮೇಲೆ ಅದರ ನಡುವೆ ಗಡುಸಾದ ಉದ್ದನೆಯದು. ನನ್ನ ವ್ಯಾಪಾರ ಮತ್ತೆ ಶುರುವಾಯಿತು, ಅದರ ಹುಡುಕಾಟವೂ ಶುರುವಾಯಿತು. ದೀಪಾವಳಿಯ ಹೊತ್ತಿಗೆ ಕುತ್ತಿಗೆಯ ಸುತ್ತ ಮೊದಲಿನ ಹಾಗೆಯೇ ದಪ್ಪ ಕೂದಲು ತುಂಬಿತ್ತು. ಬೆನ್ನಿನ ಮೇಲೆ ಬೊಬ್ಬೆ ಎದ್ದ ಜಾಗದಲ್ಲಿ ಮಾತ್ರ ಅಂಗೈಯಗಲ ಬೋಳು ಉಳಿಯಿತು.

ಆಗ ಅವನ ಫೋನ್ ಬಂತು. ನಾವು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದೆವು.

"ಮಾಮಾ, ಕೂದಲ ಬಂದಾವೇನ್ರಿ?"

ಹೆಂಡತಿ ನನ್ನ ಮೊಣಕೈ ಹಿಡಿದಳು. "ಇನ್ನೂ ಬಂದಿಲ್ಲ ಅನ್ರಿ," ಎಂದು ಪಿಸುಗುಟ್ಟಿದಳು. "ಮುಂದಿನ ವರ್ಷ ನೋಡೂಣು ಅನ್ರಿ."

ಅವಳಿಗೆ ಬೇಡವಾಗಿದ್ದದ್ದು ನನಗೂ ಬೇಡವಾಗಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಎಮ್ಮೆಯ ಹಲ್ಲು, ಹಾಲು, ಗಬ್ಬ ಎಲ್ಲದರ ಬಗೆಗೂ ಒಂದನ್ನು ಮುಚ್ಚಿ ಒಂದನ್ನು ತೋರಿಸುವ ನಾಲಿಗೆ ನನ್ನದು. ಆದರೆ ಅಂಗಳದಲ್ಲಿ ನಾಯಿ ಗೇಟಿನ ಹತ್ತಿರ ರಸ್ತೆ ನೋಡುತ್ತ ನಿಂತಿತ್ತು. ಆ ದಿನ ಬೆಳಿಗ್ಗೆ ಅಥಣಿ ಕಡೆಯ ಅನಂತಪುರಕ್ಕೆ ಒಂದು ಎಮ್ಮೆ ಹೋಗಿತ್ತು.

"ಬಂದಾವ," ಅಂದೆ. "ಬೆನ್ನಮ್ಯಾಲ ಅಂಗೈಯಷ್ಟ ಬಂದಿಲ್ಲ, ಇನ್ನ ಬರೂದೂ ಇಲ್ಲ. ಮಳಿಗಾಲದಾಗ ಅಲ್ಲೆ ನೀರ ನಿಲ್ಲದಂಗ ನೋಡ್ಕೋಬೇಕು. ಅದು ನಡೀತೈತಿ ಅಂದ್ರ ನಾವ ತಂದು ಬಿಡ್ತೀವಿ."

"ಚಾಲ್ತಂಯ ಮಾಮಾ, ನಡೀತೈತಿ. ತರ್ರಿ," ಅಂದ.

ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆದರೆ ಹೊರಡುವ ದಿನ ನನಗಿಂತ ಮೊದಲು ಟೆಂಪೋದಲ್ಲಿ ಕೂತಿದ್ದವಳು ಅವಳೇ. ಜೊತೆಗೆ ಬಾಚಣಿಗೆ, ಮುಲಾಮು, ಒಂದು ಚೀಲ ಜೋಳದ ಹಿಟ್ಟು. ಬೆಟ್ಟದವರಿಗೆ ಜೋಳ ಸಿಗದೆಂದು ಅವಳಿಗೆ ಯಾರು ಹೇಳಿದರೋ.

ಮೇಲೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಗಾಳಿ ತಣ್ಣಗೆ, ನಮಗೆ ನಡುಕ. ನಾನು ಆಡಿನ ಮನೆಯ ಬಾಗಿಲು, ಚಿಲಕ, ಕಿಟಕಿಯ ಜಾಳಿಗೆ ಎಲ್ಲ ಎಳೆದು ನೋಡಿದೆ. ತರುಣ ಹಿಂದೆ ಹಿಂದೆ ಬಂದ. "ಚಿಲಕ ಒಂದ ಸಾಲಂಗಿಲ್ಲ ತಮ್ಮಾ, ಕೆಳಗ ಇನ್ನೊಂದ ಹಾಕಸು," ಅಂದೆ. ಹೂಂ ಅಂದ. ಹೆಂಡತಿ ಅವನನ್ನು ಕೂರಿಸಿ, ನಾಯಿಯನ್ನು ಮಲಗಿಸಿ, ಬುಡದಿಂದ ಬಾಚುವುದನ್ನು ತೋರಿಸಿದಳು. ಅವನ ಕೈಗೆ ಬಾಚಣಿಗೆ ಕೊಟ್ಟು ಮಾಡಿಸಿದಳು. ತಪ್ಪಿದಾಗ ಕೈ ಹಿಡಿದು ತಿದ್ದಿದಳು.

ಸಂಜೆ ಆಡುಗಳು ಇಳಿಜಾರಿನಿಂದ ಬಂದವು. ನಾಯಿ ಎದ್ದಿತು. ಯಾರೂ ಹೇಳಲಿಲ್ಲ. ದೂರದಿಂದ ಬಳಸಿ ಹೋಗಿ, ಒಂದು ಪೊದೆಯ ಹಿಂದೆ ಉಳಿದಿದ್ದ ಎರಡನ್ನು ತಂದು ಸೇರಿಸಿತು. ಬಾಗಿಲಲ್ಲಿ ಒಂದೊಂದೇ ಒಳಗೆ ಹೋಗುವಾಗ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಮೂಸಿತು. ಹೊಸ ಹಿಂಡು, ಪರಿಚಯ ಮಾಡಿಕೊಳ್ಳುತ್ತಿತ್ತು.

"ಇವನ್ನ ಮಾರ್ತೀಯೇನ?" ಎಂದು ಹೆಂಡತಿ ತರುಣನನ್ನು ಕೇಳಿದಳು.

"ಇಲ್ರಿ ಮಾಮಿ. ಹೋತಮರಿ ಅಷ್ಟ, ಅವನ್ನೂ ಬ್ಯಾರೆ ಕೊಟ್ಟಿಗ್ಯಾಗ ಇಟ್ಟು ಸಣ್ಣವಿದ್ದಾಗನ ಮಾರ್ತೀವಿ."

"ಹಂಗಿದ್ರ ಸರಿ," ಅಂದಳು.

ರಾತ್ರಿ ಇಲ್ಲೇ ಉಳಿಯಿರಿ ಎಂದು ತರುಣ ಹೇಳಿದರೂ ನಾವು ಉಳಿಯಲಿಲ್ಲ. ಟೆಂಪೋದವನಿಗೆ ಮರುದಿನ ಬೆಳಿಗ್ಗೆ ಚಿಕ್ಕೋಡಿಯಲ್ಲಿ ಬೇರೆ ಬಾಡಿಗೆ ಇತ್ತು. ಹೊರಡುವಾಗ ಆಡಿನ ಮನೆಯ ಬಾಗಿಲಲ್ಲಿ ಇಣುಕಿದೆ. ಆಡುಗಳು ಮೆಲುಕು ಹಾಕುತ್ತಿದ್ದವು. ಅವುಗಳ ನಡುವೆ, ಇನ್ನೂ ಬೆಳಕು ಇರುವಾಗಲೇ, ನಾಯಿ ಕಾಲು ಚಾಚಿ ನಿದ್ದೆ ಹೋಗಿತ್ತು. ನಾನು ಕರೆಯಲು ಬಾಯಿ ತೆರೆದೆ.

"ಎಬ್ಬಸಬ್ಯಾಡ್ರಿ," ಅಂದಳು ಹೆಂಡತಿ. "ಮಲಗಲಿ."

ಬಾಗಿಲು ಹಾಕಿ, ಚಿಲಕ ಎಳೆದು ನೋಡಿ, ಟೆಂಪೋ ಹತ್ತಿದೆವು.